ಹಲ್ಲಕ್ಕ ತಿದ್ದಲು ಹೋದ ವಯಸ್ಸು

ಬೀದಿಯವರೆಲ್ಲ ಅವಳನ್ನು ಕರೆಯುವುದು ಹಲ್ಲಕ್ಕ ಎಂದೇ. ದಂತವೈದ್ಯರು ಕಳಿಸುವ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ಅಚ್ಚಿನ ಮೇಲೆ ಹೆಸರಿರುವುದಿಲ್ಲ; ಒಂದು ನಂಬರು, ವಯಸ್ಸು, ಅಷ್ಟೇ. ಚೀಟಿ ನೋಡುವ ಮುಂಚೆ ಬಾಯಿ ಎಂಥವರದ್ದೆಂದು ಊಹಿಸುವುದು ಅಲ್ಲಿನವರ ಚಟ. ಮುಂದಿನ ಹಲ್ಲಿನಲ್ಲಿ ಸಣ್ಣ ಗೀರಿದ್ದರೆ ದಾರ ಕಚ್ಚುವ ದರ್ಜಿ. ಹಲ್ಲಕ್ಕನ ಊಹೆ ತಪ್ಪುವುದು ಅಪರೂಪ. ಆ ಜಂಬವೂ ಅವಳಿಗಿಲ್ಲದೆ ಇಲ್ಲ.

ಅವತ್ತು ಬಂದ ಕೆಳದವಡೆಯ ಅಚ್ಚು ನೋಡಿ ಅವಳಿಗೆ ನಗು ಬಂತು. ಹಲ್ಲುಗಳೆಲ್ಲ ಉಜ್ಜಿದ ಹಾಗೆ ಚಪ್ಪಟೆ.

“ಈ ತಾತ ಜೀವಮಾನವೆಲ್ಲ ಕಲ್ಲೇ ಅಗಿದಿದ್ದಾರೆ ನೋಡ್ರೇ!”

ಚೀಟಿಯಲ್ಲಿ ಇಪ್ಪತ್ತೊಂಬತ್ತು ಎಂದಿತ್ತು. ತಕ್ಷಣ ಕ್ಲಿನಿಕ್ಕಿಗೆ ಫೋನು ಮಾಡಿದಳು. “ವಯಸ್ಸು ತಪ್ಪಾಗಿದೆ ಕಣಮ್ಮ, ಅರವತ್ತೊಂಬತ್ತು ಅಂತ ತಿದ್ಕೋ.”

“ಸರಿಯಾಗೇ ಇದೆ ಅಕ್ಕ. ನಾನೇ ನೋಡಿದ್ನಲ್ಲ, ಇನ್ನೂ ಹುಡುಗ.”

ಫೋನು ಕಿವಿಗಿಟ್ಟುಕೊಂಡೇ ಅವಳು ಮೇಲ್ದವಡೆಯ ಪೊಟ್ಟಣ ಬಿಚ್ಚಿದಳು. ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಮುಂದಿನ ಹಲ್ಲಿನ ಮೂಲೆ ಮುರಿದಿತ್ತು. ಶಾಲೆಯ ಉಯ್ಯಾಲೆಯಿಂದ ಬಿದ್ದು ಅವಳ ತಮ್ಮ ಮುರಿದುಕೊಂಡ ಮೂಲೆ ಅದು. ಆ ರಕ್ತವನ್ನು ಒರೆಸಿದವಳು ಅವಳೇ. ಫೋನಿನಲ್ಲಿ ಕ್ಲಿನಿಕ್ಕಿನ ಹುಡುಗಿ ಹಲೋ ಹಲೋ ಎನ್ನುತ್ತಲೇ ಇದ್ದಳು.

ಅವಳ ತಮ್ಮನ ಕೆಲಸ ನಾಟಕಗಳಿಗೆ ದೀಪ ಹಾಕುವುದು. ಯಾವ ಮಾತಿಗೆ ಯಾವ ದೀಪವೆಂದು ಒಮ್ಮೆ ಕೇಳಿದರೆ ಸಾಕು, ಇಡೀ ನಾಟಕ ಅವನಿಗೆ ಬಾಯಿಪಾಠವಾಗುತ್ತಿತ್ತು. ಈಚೆಗೆ ಎರಡು ತಂಡಗಳು ಅವನನ್ನು ಕರೆಯುವುದನ್ನೇ ಬಿಟ್ಟಿದ್ದವು. ಅವನು ಒಲೆಯ ಮೇಲೆ ಹಾಲಿಟ್ಟು ಮರೆತಾಗಲೆಲ್ಲ ಮನೆಯವರು ಗೇಲಿ ಮಾಡುತ್ತಿದ್ದರು, ಅವಳೂ ಸೇರಿ.

ಸಂಜೆ ನೇರ ಅವನ ಕೋಣೆಗೆ ಹೋಗಿ ಅಚ್ಚನ್ನು ಮೇಜಿನ ಮೇಲಿಟ್ಟಳು. “ಏನೋ ಇದು?”

ಅವನ ಮುಖ ಬಿಳಿಚಿಕೊಂಡಿತು. “ಎಂಡಿಎಂಎ ಅಂತ, ಅಮಲಿನ ಮಾತ್ರೆ. ಶೋ ಮುಗಿಸಿ ಕುಣಿಯೋಕೆ ಹೋಗ್ತಿದ್ವಲ್ಲ, ಆಗ. ಮೊದಲು ಯಾವಾಗ್ಲೋ ಒಂದ್ಸಲ, ಆಮೇಲೆ ವಾರವಾರ. ತಗೊಂಡ್ರೆ ದವಡೆ ತಾನಾಗೇ ಬಿಗಿದು ಹಲ್ಲು ಮಸೆಯುತ್ತೆ. ಹೋದ ವರ್ಷವೇ ಬಿಟ್ಟೆ ಅಕ್ಕ, ನಿನ್ನಾಣೆ.”

ಅವಳು ಬಾಯಿಗೆ ಬಂದ ಹಾಗೆ ಬೈದಳು, ಅತ್ತಳು, ಕೊನೆಗೆ ಮೂಗೊರೆಸಿಕೊಂಡಳು. “ಬಿಟ್ಟಿದ್ದೀಯಲ್ಲ, ಸಾಕು. ಹಲ್ಲು ನಾನು ನೋಡ್ಕೋತೀನಿ.”

“ಹಲ್ಲಿಂದಲ್ಲ ಅಕ್ಕ ಚಿಂತೆ. ನಿದ್ದೆ ಸರಿಯಾಗಿ ಬರಲ್ಲ. ಯಾವುದ್ರಲ್ಲೂ ಮನಸ್ಸಿಲ್ಲ. ಹೇಳಿದ್ದು ತಲೇಲಿ ನಿಲ್ಲಲ್ಲ. ಬಿಟ್ರೆ ಎಲ್ಲ ಸರಿಹೋಗುತ್ತೆ ಅಂದ್ಕೊಂಡಿದ್ದೆ. ಕೆಲವರಿಗೆ ನಿಧಾನವಾಗಿ ಸುಧಾರಿಸುತ್ತೆ, ನಿನಗೆ ಎಷ್ಟು ಅಂತ ಹೇಳೋಕಾಗಲ್ಲ ಅಂದ್ರು ಡಾಕ್ಟ್ರು.”

ಅವಳು ಅಚ್ಚನ್ನು ಮೇಜಿನಿಂದ ಎತ್ತಿಕೊಂಡಳು. ತಾತ ಎಂದು ನಕ್ಕಿದ್ದು ಇದನ್ನೇ.

ಹಲ್ಲು ಮತ್ತೆ ಸವೆಯದಂತೆ ಮಲಗುವಾಗ ತೊಡುವ ಪ್ಲಾಸ್ಟಿಕ್ಕಿನ ಕವಚವನ್ನು ಅವಳೇ ಮಾಡಿದಳು. ಅದನ್ನು ಒಯ್ಯಲು ಅವನು ಅವಳ ಮನೆಗೆ ಬಂದ. “ತಣ್ಣೀರಲ್ಲಿ ಮಾತ್ರ ತೊಳಿ,” ಎಂದಳು. “ಬಿಸಿನೀರು ತಾಗಿದ್ರೆ ಸೊಟ್ಟಗಾಗುತ್ತೆ.” ಅವನು ಹೂಂ ಎಂದ. ಇಬ್ಬರೂ ಚಹಾ ಕುಡಿದರು. ಅವನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ತಿರುಗಿದ.

“ಅಕ್ಕ, ಇದನ್ನ ಬಿಸಿನೀರಲ್ಲಿ ತೊಳೀಬೇಕಾ?”

ಅವಳ ಮುಖ ನೋಡಿದವನೇ ಅವನು ಗಾಬರಿಯಾದ. “ಆಗ್ಲೇ ಹೇಳಿದ್ಯಾ?”

“ಇಲ್ಲ ಕಣೋ,” ಎಂದಳು ಹಲ್ಲಕ್ಕ. “ಹೇಳೋದನ್ನ ನಾನೇ ಮರೆತಿದ್ದೆ.”