ಬಿಸಿಲೂರಿನಲ್ಲಿ ಚಳಿ ಹಿಡಿದ ಕಾರು

ಬೆಳಗಿನ ಐದೂವರೆ. ರಾಣೆಬೆನ್ನೂರಿನ ಪಿ.ಬಿ. ರಸ್ತೆಯಿಂದ ಒಳಕ್ಕೆ ಹೊರಳುವ ಒಂದು ಸಣ್ಣ ಓಣಿ. ತಗಡಿನ ಬಾಗಿಲೊಂದರ ಕೆಳಗಿನಿಂದ ನೇರಳೆ ಬೆಳಕು ತೂರಿ ಬಂದು ಮಣ್ಣಿನ ಮೇಲೆ ಬಿದ್ದಿದೆ. ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವನು ಆ ಬೆಳಕನ್ನು ತುಳಿಯದೆ, ಸೈಕಲ್ಲನ್ನು ಗಟಾರದ ಅಂಚಿಗೆ ಸರಿಸಿ ದಾಟಿಸುತ್ತಾನೆ. ಒಳಗೆ ಮಾಟ ನಡೆಯುತ್ತದೆಂದು ಓಣಿಯಲ್ಲಿ ಸುದ್ದಿ. ಪತ್ರಿಕೆಗೆ ಬರೆಯಲು ಬಂದ ನಾನೂ ಒಂದು ಗಳಿಗೆ ಹೊರಗೇ ನಿಂತು ಕೆಮ್ಮಿ, ಆಮೇಲೆ ಬಾಗಿಲು ತಟ್ಟಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಒಳಗಿರುವವರು ಜಟ್ಟೆಪ್ಪ. ಮೈಮೇಲೆ ಬನಿಯನ್ನು, ಕಣ್ಣಿಗೆ ಗ್ಯಾಸ್ ವೆಲ್ಡಿಂಗ್ ಮಾಡುವವರ ಕರಿ ಕನ್ನಡಕ, ಕೈಯಲ್ಲಿ ಚಹಾ. ಮುಂದೆ ಕಟ್ಟಿಗೆಯ ಪೆಟ್ಟಿಗೆ, ಅದರೊಳಗೆ ನೇರಳೆ ದೀಪ. ದೀಪದ ಕೆಳಗೆ ಕಪ್ಪು ಬಣ್ಣದ, ಹಲವು ಕಾಲುಗಳ ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪು ಮಲಗಿದೆ. ಅದರ ನಡುವೆ ಗಾಜಿನ ಕಿಟಕಿ ಇದೆ, ಉಗುರಿನಷ್ಟು. ಆ ಕಿಟಕಿಯಿಂದ ಬೆಳಕು ಒಳಗಿಳಿದರೆ ಚಿಪ್ಪಿಗೆ ನೆನಪಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಜಟ್ಟೆಪ್ಪ ಅದಕ್ಕೆ ಹೊಸ ನೆನಪು ಬರೆಯುತ್ತಾರೆ.

"ಕುಂದ್ರಿ ಸರ. ದೀಪದ ಕಡೆ ನೋಡಬ್ಯಾಡ್ರಿ. ನಾ ಒಮ್ಮಿ ಬರಿಗಣ್ಣಲೆ ನೋಡಿ, ಕಣ್ಣಾಗ ಉಸುಕು ಸುರದಂಗ ಆಗಿ ಮಲಗಿದ್ದೆ. ನಮ್ಮ ಕರೆವ್ವ ನಾ ಕುರುಡ ಆದ್ನಂತ ಹಲಗೇರಿಗೆ ಸುದ್ದಿ ಮುಟ್ಟಿಸಿಬಿಟ್ಟಿದ್ಲು."

ಕರೆವ್ವ ಅವರ ಹೆಂಡತಿ. ಹಲಗೇರಿ ಜಟ್ಟೆಪ್ಪನವರ ಹುಟ್ಟಿದೂರು. ಹುಬ್ಬಳ್ಳಿಯಲ್ಲಿ ಎಸ್.ಟಿ.ಡಿ. ಬೂತಿನ ಬಿಲ್ ಮೀಟರ್ ತಯಾರಿಸುವ ಕಂಪನಿಯಲ್ಲಿ ಆರು ವರ್ಷ ಬೆಸುಗೆ ಹಾಕುತ್ತಿದ್ದರು. ಕಂಪನಿ ಮುಚ್ಚಿದಾಗ ಮಾಲಕರು ಬಾಕಿ ಪಗಾರದ ಬದಲು ಈ ದೀಪವನ್ನೂ ಒಂದು ಹಳೆಯ ಕಂಪ್ಯೂಟರನ್ನೂ ಕೊಟ್ಟು ಕೈತೊಳೆದುಕೊಂಡರು. ಈಗ ಫೋನಿನ ದರ ಬದಲಾದಾಗಲೆಲ್ಲ ಹಾವೇರಿ, ಬ್ಯಾಡಗಿ, ಐರಣಿಯ ಬೂತುಗಳ ಚಿಪ್ಪು ಇವರ ದೀಪದ ಕೆಳಗೆ ಬರಬೇಕು. ಹಾವೇರಿ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿಲ್ಲ. ಯಾವ ಕಚೇರಿ ಎಲ್ಲಿದೆಯೆಂದು ಜನ ಹುಡುಕುತ್ತಲೇ ಇದ್ದಾರೆ. ಆದರೆ ಮೀಟರ್ ಕೆಟ್ಟರೆ ಎಲ್ಲಿಗೆ ಹೋಗಬೇಕೆಂದು ಬೂತಿನವರಿಗೆಲ್ಲ ಗೊತ್ತು.

ಮೂರು ವರ್ಷದಿಂದ ಕಾರುಗಳೂ ಬರುತ್ತಿವೆ. ಮುಂಬೈ ಕಡೆಯ ಹೊಸ ಬಗೆಯ ಗಾಡಿಗಳಲ್ಲಿ ಕಾರ್ಬೊರೇಟರ್ ಇರುವುದಿಲ್ಲ. ಯಾವ ಹೊತ್ತಿಗೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ಒಂದು ಡಬ್ಬಿ ತೀರ್ಮಾನಿಸುತ್ತದೆ. ಡಬ್ಬಿಯೊಳಗೆ ಅದೇ ಕಿಟಕಿಯ ಚಿಪ್ಪು. ಜಟ್ಟೆಪ್ಪ ಅದನ್ನು ಓದುತ್ತಾರೆ, ದುಂದು ಕಂಡಲ್ಲಿ ಪೆಟ್ರೋಲ್ ತಗ್ಗಿಸಿ ಬೇರೆ ಚಿಪ್ಪಿಗೆ ಬರೆಯುತ್ತಾರೆ. ಲೀಟರಿಗೆ ಒಂಬತ್ತು ಕೊಡುತ್ತಿದ್ದ ಗಾಡಿ ಹನ್ನೆರಡು ಕೊಡುತ್ತದೆ. ಮೂಲ ಚಿಪ್ಪನ್ನು ಮಾತ್ರ ಇವರು ಎಂದೂ ಅಳಿಸುವುದಿಲ್ಲ. ಗೋಡೆಯ ಥರ್ಮೋಕೋಲಿನ ಮೇಲೆ ಸಾಲಾಗಿ ಚುಚ್ಚಿಟ್ಟಿದ್ದಾರೆ. ನೇರಳೆ ಬೆಳಕಿನಲ್ಲಿ ಅಷ್ಟೂ ಕಿಟಕಿಗಳು ನಮ್ಮ ಕಡೆಗೇ ನೋಡುತ್ತವೆ, ನನಗದು ಸರಿಬರಲಿಲ್ಲ.

"ಹಳೇದನ್ನ ಯಾಕ ಇಡತೀರಿ?"

"ಒಮ್ಮಿ ಅಳಿಸಿದ್ರ ಮುಗೀತ್ರಿ. ಯಾರರೆ ತಿರುಗಿ ಕೇಳಿದ್ರ ನಾ ಎಲ್ಲಿಂದ ತರ್ಲಿ?"

ಈ ಮುಂಜಾನೆ ಗೂಟಕ್ಕೆ ತೂಗುಹಾಕಿದ ಅವರ ಅಂಗಿಯ ಜೇಬಿನಲ್ಲಿ ಬ್ಯಾಡಗಿಯ ಕಾರೊಂದಕ್ಕೆ ಬರೆದ ಚಿಪ್ಪು ತಯಾರಾಗಿದೆ. ಕೈಚೀಲದಲ್ಲಿ ಒಂದು ಗೇಣು ತಾಮ್ರದ ತಂತಿಯೂ ಇದೆ. ಎರಡರಲ್ಲಿ ಒಂದನ್ನೇ ಇಂದು ಬಳಸಬೇಕು. ಯಾವುದನ್ನು ಎಂದು ರಾತ್ರಿಯಿಡೀ ಯೋಚಿಸಿದರಂತೆ. ಮೊದಲ ಬಸ್ಸಿನಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಕಥೆ ಹೇಳುತ್ತಾರೆ.

ಕಾರು ರಾಘಣ್ಣ ಎಂಬ ತರುಣನದು. ಮೆಣಸಿನಕಾಯಿ ದಲಾಲಿ ಮನೆತನ. ಎರಡೇ ಆಸನದ, ನೆಲಕ್ಕೆ ಹತ್ತಿದಂತಿರುವ ಪರದೇಶದ ಸ್ಪೋರ್ಟ್ಸ್ ಕಾರನ್ನು ಮುಂಬೈನಿಂದ ತಂದಿದ್ದ. ಬಣ್ಣ ಬ್ಯಾಡಗಿ ಕಾಯಿಯದೇ. ಮಾರ್ಕೆಟ್ ಯಾರ್ಡಿಗೆ ಅದು ಬಂದರೆ ಹಮಾಲರು ಚೀಲ ಹೊತ್ತುಕೊಂಡೇ ತಿರುಗಿ ನೋಡುತ್ತಿದ್ದರು. ಹೋದ ವರ್ಷ ಒಂದು ಸಂಜೆ ಕೋಲ್ಡ್ ಸ್ಟೋರೇಜಿನ ಥಂಡಿ ಗೋದಾಮಿನಲ್ಲಿದ್ದ ತಮ್ಮ ಮನೆಯ ಚೀಲ ನೋಡಲು ಒಳಗೆ ಹೋದ. ಅವನು ಒಳಗಿರುವುದು ಗೊತ್ತಿಲ್ಲದೆ ಯಾರೋ ಹೊರಗಿನಿಂದ ಚಿಲಕ ಹಾಕಿದರು. ಮರುದಿನ ಬಾಗಿಲು ತೆಗೆದಾಗ ಅವನಿರಲಿಲ್ಲ, ಅವನ ಮೈ ಇತ್ತು. ಕಾರು ರಾತ್ರಿಯೆಲ್ಲ ಗೋದಾಮಿನ ಮುಂದೆಯೇ ನಿಂತಿತ್ತು.

ಅಂದಿನಿಂದ ಆ ಕಾರು ಮಿತಿಮೀರಿ ಪೆಟ್ರೋಲ್ ಕುಡಿಯುತ್ತಿದೆ. ಲೀಟರಿಗೆ ಐದೂ ಇಲ್ಲ. ಇಷ್ಟು ಕುಡಿಯುವುದನ್ನು ಮನೆಯಲ್ಲಿಟ್ಟುಕೊಳ್ಳುವುದು ಬೇಡ, ಮಾರಿಬಿಡೋಣ ಎಂದು ರಾಘಣ್ಣನ ಕಾಕಾ ಹಟ ಹಿಡಿದಿದ್ದಾರೆ. ಅವನ ಅಕ್ಕ ಸುಲಭಾ ಬ್ಯಾಡಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ತಮ್ಮನ ಕಾರು ಮನೆಯಲ್ಲೇ ಉಳಿಯಲಿ ಎಂದು ಅವರು ಜಟ್ಟೆಪ್ಪನ ಬಳಿ ಬಂದರು.

"ಎರಡ ಸಲ ಚಿಪ್ ಬರದು ಹಾಕಿದೆ. ಎರಡೂ ಸಲ ಕರೀ ಹೊಗಿ ನಿಲ್ಲಲಿಲ್ಲ. ನಾ ಚಿಪ್ಪಿನ ಮನಷ್ಯಾ, ಚಿಪ್ಪಿನಾಗ ಹುಡುಕಿಕೋಂತ ಕುಂತೆ. ವಾಯರ್ ಕಡೆ ನೋಡಲೇ ಇಲ್ಲ. ಹೋದ ವಾರ ಕರೆಂಟ್ ನೋಡೂ ಮೀಟರ್ ಹಚ್ಚಿ ನೋಡಿದ್ರ, ಎಂಜಿನ್ ಎಷ್ಟ ಬಿಸಿ ಐತಿ ಅಂತ ಡಬ್ಬಿಗೆ ಹೇಳೂ ತಂತೀನ ಹರದೈತಿ. ತಂತಿ ಹರದ್ರ ಡಬ್ಬಿ ಏನ ತಿಳಕೋತೈತಿ ಗೊತ್ತೇನ್ರಿ? ಹೊರಗ ಹಿಮಾ ಬಿದ್ದೈತಿ ಅಂತ ತಿಳಕೋತೈತಿ. ಮೈನಸ್ ನಲವತ್ತು. ಚಳಿಗೆ ಎಂಜಿನ್ ಸತ್ತಗಿತ್ತೀತು ಅಂತ ಪೆಟ್ರೋಲ್ ಸುರೀತಾನ ಇರತೈತಿ."

ಕಿಟಕಿಯಿಂದ ಬೀಸುವ ಗಾಳಿ ಆಗಲೇ ಬೆಚ್ಚಗಿದೆ. ನನ್ನ ತೋಳಿನ ಕೂದಲು ಮಾತ್ರ ನಿಮಿರಿತು. ಥಂಡಿ ಗೋದಾಮಿನಲ್ಲಿ ಸತ್ತವನ ಕಾರು, ಅವನು ಸತ್ತಂದಿನಿಂದ ತನಗೆ ಚಳಿಯಾಗುತ್ತಿದೆ ಎಂದುಕೊಂಡು ಉರಿಬಿಸಿಲಿನ ಊರಿನಲ್ಲಿ ನಿಂತಿದೆ.

"ತಂತಿ ಕೂಡಿಸಿದ್ರ ಮುಗೀತಲ್ಲ?" ಎಂದೆ.

"ಅಕ್ಕಾರ ಬ್ಯಾಡ ಅಂತಾರ. ತಂತಿ ಹಂಗ ಇರ್ಲಿ, ಚಳಿ ಅಂದ್ರೂ ಪೆಟ್ರೋಲ್ ಕಡಿಮಿ ಬಿಡೂ ಅಂಥಾ ಚಿಪ್ ಬರದ ಕೊಡ್ರಿ ಅಂತಾರ. ಬರದೇನಿ. ಕಿಸೇದಾಗ ಐತಿ. ಮೈಲೇಜ್ ಬರತೈತಿ, ಗಾಡಿ ಉಳೀತೈತಿ." ಜೇಬನ್ನು ಮುಟ್ಟಿ ನೋಡಿಕೊಂಡು ಸೇರಿಸಿದರು. "ಆದ್ರ ಹೋದ ಸಲ ನಾ ಅವರ ಶೆಡ್ಡಿನ ಗ್ವಾಡಿ ನೋಡೇನಿ."

ಬ್ಯಾಡಗಿಯಲ್ಲಿ ಇಳಿದರೆ ಮೂಗಿಗೆ ಮೊದಲು ಘಾಟು. ಊರಿನವರು ಅದನ್ನು ಗಾಳಿಯೆಂದೇ ಉಸಿರಾಡುತ್ತಾರೆ, ಸೀನುವವರು ಪರಊರಿನವರೆಂದು ಗುರುತು ಸಿಗುತ್ತದೆ. ನಾನು ಸೀನುತ್ತಲೇ ನಡೆದೆ. ಮನೆಯ ಹಿಂದೆ, ಹಿಂದೊಮ್ಮೆ ಮೆಣಸಿನಕಾಯಿ ಒಟ್ಟುತ್ತಿದ್ದ ಕಲ್ಲಿನ ಶೆಡ್ಡು. ದೊಡ್ಡ ಬಾಗಿಲು ಹಾಕಿದೆ. ಒಳಗೆ ಎಂಜಿನ್ ಓಡುತ್ತಿದೆ.

ಜಟ್ಟೆಪ್ಪ ಇಷ್ಟು ಜೋರಾಗಿ ನಡೆಯಬಲ್ಲರೆಂದು ನಾನು ತಿಳಿದಿರಲಿಲ್ಲ. ಬಾಗಿಲು ಬಡಿದರು. ಒಳಗಿನಿಂದ ಚಿಲಕ ಸರಿಯುವವರೆಗೆ ಬಡಿಯುತ್ತಲೇ ಇದ್ದರು. ಬಾಗಿಲು ತೆರೆದೊಡನೆ ಕಣ್ಣುರಿಸುವ ಹೊಗೆ ಹೊರಗೆ ಬಂತು. ಅದರ ಹಿಂದೆ ಸುಲಭಾ, ಮೇ ತಿಂಗಳ ಸೆಕೆಯಲ್ಲಿ ಮೈತುಂಬ ಉಣ್ಣೆಯ ಶಾಲು ಹೊದ್ದು ನಿಂತಿದ್ದರು. ಮುಖ ಬಿಳಚಿಕೊಂಡಿತ್ತು, ಒಂದು ಕೈ ಬಾಗಿಲನ್ನು ಆಧರಿಸಿ ಹಿಡಿದಿತ್ತು. ಗೋಡೆಯ ಮೇಲೆ ಕಾರಿನ ಹೊಗೆಕೊಳವೆಯ ನೇರಕ್ಕೆ ಆಳೆತ್ತರದ ಮಸಿ. ಜಟ್ಟೆಪ್ಪ ಹೋದ ಸಲ ಕಂಡದ್ದು ಇದನ್ನೇ.

ಜಟ್ಟೆಪ್ಪ ಎಂಜಿನ್ ಆರಿಸಿ ಬಂದರು. ಹೊರಗೆ ಕಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟ ಮೇಲೆ ಸುಲಭಾ ಮಾತಾಡಿದರು. ಬಹಳ ಸಮಾಧಾನದ ದನಿ, ಪಾಠ ಹೇಳುವವರದು.

"ದಿನಾ ಮುಂಜಾನೆ ಕೂಡತೀನಿ. ಮುಂದ ಬಿಸಿ ತೋರಸೂ ಮುಳ್ಳು ಅದ ನೋಡ್ರಿ, ಅದು ಚಳಿ ಬಿಟ್ಟು ಮ್ಯಾಲೆ ಏಳವಲ್ತು. ಒಮ್ಮೆ ಎದ್ರ ಸಾಕು, ಬಂದ್ ಮಾಡತೀನಿ. ಬಾಗಲಾ ತೆಗೆದ್ರ ಬೆಚ್ಚಗಾಗಂಗಿಲ್ಲ ಅಂತ ಹಾಕ್ಕೋತೀನಿ." ನಂತರ ನನ್ನತ್ತ ತಿರುಗಿದರು. "ಆವತ್ತ ಸಂಜೀಕ ನಾ ಗೋದಾಮಿನ ಮುಂದ ಹಾದು ಬಂದೆ. ಗಾಡಿ ನಿಂತಿತ್ತು. ಯಾರ ಜೋಡಿನೋ ಹಾವೇರಿಗೆ ಹೋಗ್ಯಾನ ಅಂದಕೊಂಡೆ. ಇಳದು ನೋಡಲಿಲ್ಲ."

ಆ ಕಾರಿನಲ್ಲಿ ಮುಳ್ಳಿಗೂ ಡಬ್ಬಿಗೂ ಸುದ್ದಿ ಒಯ್ಯುವುದು ಒಂದೇ ತಂತಿ. ತಂತಿ ಹರಿದಿರುವಾಗ ಎಂಜಿನ್ ಬೆಂಕಿಯಾದರೂ ಮುಳ್ಳು ಏಳುವಂತಿಲ್ಲ. ಈ ಹೆಣ್ಣುಮಗಳು ಎಂದಿಗೂ ಏಳದ ಮುಳ್ಳಿಗಾಗಿ, ಬಾಗಿಲು ಹಾಕಿದ ಕೋಣೆಯಲ್ಲಿ, ದಿನದಿನವೂ ಹೊಗೆ ಕುಡಿಯುತ್ತ ಕಾದಿದ್ದಾರೆ.

ಜಟ್ಟೆಪ್ಪ ಜೇಬಿನಿಂದ ಚಿಪ್ಪನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

"ಅಕ್ಕಾರ, ನೀವು ಕೇಳಿದ್ದು ಇದು. ಇದನ್ನ ಹಾಕಿದ್ರ ಮೈಲೇಜ್ ಬರತೈತಿ, ಮುಳ್ಳು ಏಳಂಗಿಲ್ಲ. ನೀವು ಕುಂದ್ರೂದು ತಪ್ಪಂಗಿಲ್ಲ. ಎಂಜಿನ್ ಎಷ್ಟ ಚಲೋ ಇರ್ಲಿ, ಬಾಗಲಾ ಹಾಕಿದ ಖೋಲ್ಯಾಗ ಅದರ ಹೊಗಿ ಮನಷ್ಯಾನ್ನ ಕೊಲ್ಲತೈತಿ. ಇದನ್ನ ನಾ ಹಾಕಂಗಿಲ್ಲ. ತಂತಿ ಕೂಡಸ್ತೇನಿ."

"ಮುಳ್ಳು ಎದ್ದ ಮ್ಯಾಲೆ ಕಾಯಲಿಕ್ಕೆ ನನಗೇನು ಉಳೀತದ, ಜಟ್ಟೆಪ್ಪ?"

"ಗಾಡಿ ಉಳೀತೈತಿ. ನೀವು ಉಳೀತೀರಿ."

ಸುಲಭಾ ಶಾಲಿನ ಅಂಚು ಹಿಂಡಿದರು. ಕೊನೆಗೆ ಶೆಡ್ಡಿನ ಕಡೆ ಕೈ ತೋರಿಸಿದರು. ಜಟ್ಟೆಪ್ಪನಿಗೆ ಅಷ್ಟೇ ಬೇಕಿತ್ತು.

ಬಾನೆಟ್ ಎತ್ತಿ ಹರಿದ ತುದಿಗಳನ್ನು ನನಗೆ ತೋರಿಸಿ, "ಇಲಿ ಕಡದೈತ್ರಿ" ಎಂದರು. ಹಿಂದಿನಿಂದ ಸುಲಭಾ, "ಈ ಘಾಟಿಗೆ ನಮ್ಮ ಶೆಡ್ಡಿನಾಗ ಎಂದೂ ಇಲಿ ಬಂದಿಲ್ಲ" ಎಂದರು. ತುದಿಯ ತಾಮ್ರ ವರ್ಷದ ಹಿಂದೆ ಹರಿದದ್ದರಂತೆ ಕಪ್ಪಗಾಗಿರಲಿಲ್ಲ, ಆಗಷ್ಟೇ ಕತ್ತರಿಸಿದಂತೆ ಹೊಳೆಯುತ್ತಿತ್ತು. ಜಟ್ಟೆಪ್ಪ ಅದನ್ನು ನೋಡಿದರು, ನಾನು ನೋಡಿದ್ದನ್ನೂ ನೋಡಿದರು. "ಇಲೀನ ರೀ. ಹಂಗ ಬರಕೋರಿ" ಎಂದು ತಂತಿ ಬೆಸೆದು ಟೇಪು ಸುತ್ತಿದರು. ಹಾಗೇ ಬರೆದಿದ್ದೇನೆ.

ಕಾರನ್ನು ಅಂಗಳಕ್ಕೆ ತಳ್ಳಿ, ಅಲ್ಲಿ ಚಾಲೂ ಮಾಡಿದೆವು. ಸುಲಭಾ ಚಾಲಕರ ಆಸನದಲ್ಲಿ ಕುಳಿತರು, ಪಕ್ಕದ ಆಸನ ಖಾಲಿ. ಹೊಗೆ ಬೆಳ್ಳಗಾಯಿತು, ಆಮೇಲೆ ಕಾಣದಾಯಿತು. ಮುಳ್ಳು ಮಾತ್ರ ಏಳಲಿಲ್ಲ. ಜಟ್ಟೆಪ್ಪ ಮೀಟರ್ ಹಚ್ಚಿ ನೋಡಿದರು, ತಂತಿ ಸರಿಯಾಗಿತ್ತು. ನಾವು ಮೂವರೂ ಉಸಿರು ಬಿಗಿಹಿಡಿದು ಕಾದೆವು. ಮುಳ್ಳು ಇದ್ದಲ್ಲೇ ಇತ್ತು.

ಆಗ ಸುಲಭಾ ಶಾಲು ತೆಗೆದು ಪಕ್ಕದ ಆಸನದ ಮೇಲೆ ಹೊದಿಸಿದರು. ಮೆಲ್ಲಗೆ, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಹೇಳಿದರು: "ಬಾಗಲಾ ತೆಗೆದದ ರಾಘೂ. ಏಳಪಾ ಇನ್ನ."

ಮುಳ್ಳು ಎದ್ದಿತು. ನಿಧಾನವಾಗಿ, ನಡುಮಟ್ಟಕ್ಕೆ ಬಂದು ನಿಂತಿತು. ಎಂಜಿನ್ನಿನ ಆರ್ಭಟ ಇಳಿದು, ಇದೆಯೋ ಇಲ್ಲವೋ ಎನ್ನುವಷ್ಟು ಮೆತ್ತಗಾಯಿತು. ತಣ್ಣಗಿದ್ದ ಎಂಜಿನ್ ಬಿಸಿಯಾಗಲು ಅಷ್ಟು ಹೊತ್ತು ಬೇಕೇ ಬೇಕೆಂದು ಜಟ್ಟೆಪ್ಪ ಆಮೇಲೆ ನನಗೆ ವಿವರಿಸಿದರು. ಆದರೆ ನಾವು ಬರುವ ಮೊದಲೇ ಅದು ಓಡುತ್ತಿತ್ತಲ್ಲ ಎಂದು ನಾನು ಕೇಳಲಿಲ್ಲ. ಸುಲಭಾ ಸ್ಟೇರಿಂಗಿನ ಮೇಲೆ ಹಣೆಯಿಟ್ಟು, ವರ್ಷದ ಅಳುವನ್ನೆಲ್ಲ ಅಲ್ಲೇ ಅತ್ತರು. ನಾವಿಬ್ಬರು ಗಂಡಸರು ಬೇವಿನ ಗಿಡದ ಕಡೆ ನೋಡುತ್ತ ನಿಂತೆವು.

ಮಜೂರಿ ಏನು ಕೊಡಲಿ ಎಂದು ಸುಲಭಾ ಕೇಳಿದಾಗ ಜಟ್ಟೆಪ್ಪ ಶೆಡ್ಡಿನ ಬಾಗಿಲ ಬಳಿ ಹೋದರು. ಸ್ಕ್ರೂ ಡ್ರೈವರಿನಿಂದ ತುಕ್ಕು ಹಿಡಿದ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ಒಳಗಿನ ಚಿಲಕವನ್ನೇ ಕಿತ್ತರು. "ಇದನ್ನ ಒಯ್ಯತೇನ್ರಿ ಅಕ್ಕಾರ" ಎಂದರು. ಸುಲಭಾ ಚಿಲಕವನ್ನೂ ಅವರ ಮುಖವನ್ನೂ ನೋಡಿ ತಲೆಯಾಡಿಸಿದರು.

ಮರಳುವ ಬಸ್ಸಿನಲ್ಲಿ ಬಿಸಿಲು ನೇರ ಮಡಿಲಿಗೆ ಬೀಳುತ್ತಿತ್ತು. ಟಿಕೀಟು ತೆಗೆಯಲು ಜಟ್ಟೆಪ್ಪ ಕೈಚೀಲವನ್ನು ನನ್ನ ಕೈಗೆ ಕೊಟ್ಟರು. ಬಟ್ಟೆಯ ಮೇಲಿನಿಂದಲೇ ಚಿಲಕ ಬೆರಳಿಗೆ ತಾಗಿತು. ಅದು ತಣ್ಣಗಿತ್ತು. ನಾನು ಬೇಗ ಚೀಲ ಹಿಂದಿರುಗಿಸಿದೆ, ಅವರು ಅದನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡರು.

ವಾರ ಕಳೆದು ಮತ್ತೆ ಅಂಗಡಿಗೆ ಹೋದಾಗ ಚಿಲಕ ಥರ್ಮೋಕೋಲಿನ ಪಕ್ಕ ಮೊಳೆಯ ಮೇಲೆ ತೂಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಬೂತಿಗೆ ಬ್ಯಾಡಗಿಯಿಂದ ಫೋನು ಬಂತು. ಸುಲಭಾ. ಕಾರು ಲೀಟರಿಗೆ ಹನ್ನೊಂದು ಕೊಡುತ್ತಿದೆ, ಮಾರುವ ಮಾತು ನಿಂತಿದೆ. ಜಟ್ಟೆಪ್ಪ, "ಬಾಗಲಾ ತಗದ ಐತೇನ್ರಿ ಅಕ್ಕಾರ?" ಎಂದು ಕೇಳಿದರು, ಉತ್ತರ ಕೇಳಿಸಿಕೊಂಡು ಫೋನ್ ಇಟ್ಟರು.

ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಕೊನೆಗೆ ಏನು ಬರೆಯಲಿ ಎಂದು ಕೇಳಿದೆ. ಕರಿ ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಮುಂದಿನ ಚಿಪ್ಪನ್ನು ಇಡುತ್ತ ಹೇಳಿದರು:

"ನಂದೇನ ಬರೀತೀರಿ, ಬಿಡ್ರಿ. ಬ್ಯಾಡಗ್ಯಾಗಿನ ಥಂಡಿ ಖೋಲಿಗೋಳಿಗೆ ಒಳಗಿನಿಂದಾನೂ ತಗಿಯಾಕ ಬರೂ ಅಂಥಾ ಚಿಲಕಾ ಕೂಡಸ್ರಿ ಅಂತ ಬರೀರಿ. ಬ್ಯಾರೆ ಯಾರೂ ಬರಲಿಲ್ಲಂದ್ರ, ನಾ ಬಂದು ಕೂಡಸ್ತೇನಿ."