ಮಣ್ಣಿಗೆ ಯಾವ ಕೆಚುವಾ?

“ಅಮ್ಮಾ, ಲಿಬೊರಿಯಾ ಅಜ್ಜಿ ಹೆಂಡದ ಮಡಕೆ ಹಿಡ್ಕೊಂಡು ಹೊಲದಲ್ಲಿ ಸುಮ್ನೆ ಯಾಕೆ ನಿಂತಿದಾಳೆ?” ಮಗಳು ನಿಲ್ಡಾಳನ್ನು ಕೇಳಿದಳು. ನಿಲ್ಡಾ ಕೈಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೊಲಕ್ಕೆ ಹೋದಳು.

ಲಿಬೊರಿಯಾ ದೂರದ ಹುವಾರಾಸ್ ಕಡೆಯವಳು. ಅಯಾಕುಚೋದ ಈ ಹಳ್ಳಿಗೆ ಸೊಸೆಯಾಗಿ ಬಂದು ನಲವತ್ತು ವರ್ಷ. ಎರಡೂ ಕಡೆ ಆಡುವುದು ಕೆಚುವಾ ಭಾಷೆಯೇ, ಆದರೆ ಒಬ್ಬರದು ಇನ್ನೊಬ್ಬರಿಗೆ ತಿಳಿಯದು. ಆಲೂಗಡ್ಡೆ ಬಿತ್ತುವ ಮುನ್ನ ಭೂತಾಯಿಗೆ ಹೆಂಡ ಸುರಿದು ಬೇಡಿಕೊಳ್ಳುತ್ತಿದ್ದವನು ಅವಳ ಗಂಡ. ಅವನು ತೀರಿಕೊಂಡ ಮೇಲೆ ಇದೇ ಮೊದಲ ಬಿತ್ತನೆ.

“ತವರಿನ ಮಾತಲ್ಲಿ ಬೇಡಿದ್ರೆ ಈ ಮಣ್ಣಿಗೆ ತಿಳಿಯತ್ತೇನೇ? ನಿಮ್ಮ ಮಾತಲ್ಲಿ ಬೇಡಿದ್ರೆ ಬಾಯಿಪಾಠ ಒಪ್ಪಿಸಿದ ಹಾಗಾಗತ್ತೆ.”

“ನಮ್ಮನ್ನ ನಮ್ಮ ಮಾತಲ್ಲೇ ಚೆನ್ನಾಗಿ ಬೈತೀಯಲ್ಲ, ಅತ್ತೆ!”

“ಬೈಯೋದು ಬೇರೆ, ಬೇಡೋದು ಬೇರೆ ಕಣೇ.” ಲಿಬೊರಿಯಾ ಮಡಕೆಯನ್ನೇ ನೋಡಿದಳು. “ನಾನು ನನ್ನ ಮಾತಲ್ಲೇ ಬೇಡ್ತೀನಿ. ಅದನ್ನೇ ನೀನು ಪಕ್ಕದಲ್ಲಿ ನಿಂತು ನಿಮ್ಮ ಮಾತಲ್ಲಿ ಹೇಳಿಬಿಡ್ತೀಯಾ? ಏನು ಬೇಡ್ತೀನಿ ಅಂತ ನಿನಗೆ ಮೊದಲೇ ತಿಳಿಸಿರ್ತೀನಿ.”