ಅಗಿಯಬಾರದ ತುತ್ತು

ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಅನ್ನ ಊಟವಲ್ಲ, ಊಟದ ಕೊನೆಗೆ ಬರುವ ಒಂದು ಶಾಸ್ತ್ರ. ಕುಕ್ಕರು ತುಂಬ ಅನ್ನ ಮಾಡಿ ಬಡಿಸಿದರೂ ನನ್ನ ಗಂಡ ಉಂಡು ಕೈ ತೊಳೆದು ಬಂದು, "ಹಂಗಾರ ಊಟಾ ಯಾವಾಗ?" ಎಂದು ಕೇಳುವವರು. ಮದುವೆಯಾದ ವರ್ಷವೇ ಬಾಗಲಕೋಟೆ ಕಡೆಯಿಂದ ಪೀಣ್ಯಕ್ಕೆ ಬಂದೆವು. ಅವರಿಗೆ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಕೆಲಸ, ನನಗೆ ಗಾರ್ಮೆಂಟ್ಸಿನಲ್ಲಿ. ಬಂದ ಮೇಲೆ ಊರಿನದೆಲ್ಲ ಒಂದೊಂದಾಗಿ ಬಿಟ್ಟುಹೋಯಿತು. ಮಾತು ಕೂಡ ಕಂಪನಿಯಲ್ಲಿ ಒಂದು, ಮನೆಯಲ್ಲಿ ಒಂದು ಎಂದಾಯಿತು. ರೊಟ್ಟಿ ಮಾತ್ರ ಬಿಡಲಿಲ್ಲ.

ಅದಕ್ಕಾಗಿ ಮೊದಲು ಜಗಳವಾದದ್ದು ಓನರಮ್ಮನ ಜೊತೆ. ನಾಗಸಂದ್ರ ಇನ್ನೂ ಹಳ್ಳಿಯಾಗಿದ್ದಾಗ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಮೂರು ಅಂತಸ್ತಿನ ಬಾಡಿಗೆ ರೂಮುಗಳಿವೆ. ಅವರು ಕೆಳಗೆ, ಸರಿಯಾಗಿ ಅವರ ತಲೆಯ ಮೇಲೆ ನಾವು. ನಾನು ರೊಟ್ಟಿ ಬಡಿಯಲು ಶುರುಮಾಡಿದ ಮೊದಲನೇ ಬೆಳಗ್ಗೆಯೇ ಮೆಟ್ಟಿಲು ಹತ್ತಿ ಬಂದು, "ಏನಮ್ಮಿ, ಗೋಡೆ ಒಡೀತಿದ್ದೀಯಾ? ಬಾಡ್ಗೆಗೆ ಕೊಟ್ಟಿರೋದು ಕಣಮ್ಮಿ, ಕೆಡವಾಕಲ್ಲ" ಎಂದರು. ನಾನೂ ಸುಮ್ಮನಿರುವವಳಲ್ಲ. "ಬಡೀಲಾರದ ರೊಟ್ಟಿ ಆಗೂದಿಲ್ರೀ ಅಮ್ಮಾರ. ನಿಮ್ಮ ಮುದ್ದಿ ತಿರುವಿದಂಗಲ್ಲ ಇದು" ಎಂದೆ. ಕೊನೆಗೆ ರೊಟ್ಟಿ ಕಲ್ಲಿನ ಕೆಳಗೆ ಗೋಣಿಚೀಲ ಮಡಿಸಿ ಹಾಕಿಕೊಳ್ಳುವುದೆಂದು ರಾಜಿಯಾಯಿತು.

ಆ ಬೆಳಗುಗಳನ್ನು ನೆನೆದರೆ ಈಗಲೂ ಅಂಗೈ ಬಿಸಿಯಾಗುತ್ತದೆ. ಕುದಿಯುವ ನೀರು ಹಾಕಿ ನಾದಿದ ಹಿಟ್ಟು, ಹಂಚಿನ ಮೇಲೆ ನೀರು ಸವರಿದಾಗ ಏಳುವ ಹಬೆ, ಉಬ್ಬಿ ನಿಂತ ರೊಟ್ಟಿ. ಮೊದಲನೆಯದನ್ನು ಗಂಡ ಹಂಚಿನಿಂದಲೇ ಎತ್ತಿಕೊಂಡು, ಶೇಂಗಾ ಹಿಂಡಿಗೆ ಮೊಸರು ಕಲಸಿ, ಗುದ್ದಿದ ಉಳ್ಳಾಗಡ್ಡಿಯ ಜೊತೆ ನಿಂತಲ್ಲೇ ತಿನ್ನುವವರು. ಉಳಿದದ್ದು ಬಟ್ಟೆಯಲ್ಲಿ ಸುತ್ತಿ ಬುತ್ತಿಗೆ. ಮಧ್ಯಾಹ್ನ ಪ್ರೆಸ್ಸುಗಳು ನಿಂತ ಮೇಲೆ ಶಾಪಿನವರ ಡಬ್ಬಿಗಳೆಲ್ಲ ಒಂದು ಪೇಪರಿನ ಮೇಲೆ ಬಿಚ್ಚಿಕೊಳ್ಳುತ್ತಿದ್ದವಂತೆ. ತುಮಕೂರಿನವರ ಚಿತ್ರಾನ್ನ ಇವರ ಕಡೆಗೆ, ಇವರ ಬದನೆಕಾಯಿ ಎಣ್ಣೆಗಾಯಿ ಅವರ ಕಡೆಗೆ. ಸಂಜೆ ಬಂದು ಯಾರ ಡಬ್ಬಿಯಲ್ಲಿ ಏನಿತ್ತೆಂದು ವರದಿ ಒಪ್ಪಿಸುವರು, ನಾನು ಸೊಪ್ಪು ಸೋಸುತ್ತ ಕೇಳುವೆ. ಮುದ್ದೆಯ ಸುದ್ದಿ ಬಂದರಂತೂ ಅವರಿಗೆ ಎಲ್ಲಿಲ್ಲದ ಹುರುಪು. "ಅದನ್ನ ಉಣ್ಣೂದೋ, ಗ್ವಾಡಿಗೆ ಮೆತ್ತೂದೋ?" ಎನ್ನುವರು. ನಮ್ಮ ಸಂಸಾರ ನಡೆಯುತ್ತಿದ್ದುದೇ ಊಟದ ಮಾತಿನಲ್ಲಿ. ಬೇರೆ ಮಾತು ಇಬ್ಬರಿಗೂ ಅಷ್ಟು ಬರುತ್ತಿರಲಿಲ್ಲ.

ಆಮೇಲೆ ಅವರು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ತಿನ್ನತೊಡಗಿದರು. "ಹಲ್ಲ ಬಿದ್ದ ಮುದುಕರಂಗ ಮಾಡ್ತೀರಲ್ರೀ" ಎಂದು ನಕ್ಕೆ. ಎಡಗೆನ್ನೆಯ ಒಳಗೆ ಹುಣ್ಣಾಗಿತ್ತು. ವರ್ಷಗಟ್ಟಲೆ ತಂಬಾಕು ಇಟ್ಟುಕೊಂಡ ಜಾಗ. ನಾನು ಬೈದದ್ದು, ಅವರು ಬಿಟ್ಟೆನೆಂದದ್ದು, ಬಿಡದೆ ಇದ್ದದ್ದು, ಎಲ್ಲ ಮನೆಗಳಲ್ಲಿ ನಡೆಯುವಂಥದೇ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಕಟ್ಟಿದವರು ಯಾರೋ ಕಾಣೆ. ನನ್ನ ಗಂಡನಿಗಿಂತ ಚೆನ್ನಾಗಿ ಊಟ ಬಲ್ಲವರನ್ನು ನಾನು ನೋಡಿಲ್ಲ. ಆಸ್ಪತ್ರೆಯಲ್ಲಿ ಕೆನ್ನೆಯನ್ನೂ ದವಡೆಯ ಒಂದು ತುಂಡನ್ನೂ ತೆಗೆದು, ಎದೆಯ ಮಾಂಸ ತಂದು ಅಲ್ಲಿ ಹೊಲಿದರು. ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಮೂಗಿನಿಂದ ಹೊಟ್ಟೆಗೆ ಒಂದು ಪೈಪು ಇಳಿಬಿಟ್ಟು, ಅದರೊಳಗೆ ಸಿರಿಂಜಿನಿಂದ ತೆಳು ಗಂಜಿ ಹಾಕುವುದನ್ನು ನನಗೆ ಕಲಿಸಿ ಮನೆಗೆ ಕಳಿಸಿದರು.

ಗಾಯ ಮಾಗಿದ ಮೇಲೆ ಪೈಪು ತೆಗೆದರು. ಡಾಕ್ಟರು ನನ್ನನ್ನು ಬದಿಗೆ ಕರೆದು, "ಮುಂದಿನ ತಿಂಗಳು ಕರೆಂಟ್ ಶುರು ಮಾಡ್ಬೇಕು. ಅಷ್ಟರಲ್ಲಿ ತೂಕ ಇಳೀಬಾರ್ದು. ಬಾಯಿಂದ ತಿಂದ್ರೆ ಸರಿ, ಇಲ್ಲಾಂದ್ರೆ ಮತ್ತೆ ಪೈಪ್ ಹಾಕ್ಲೇಬೇಕಾಗುತ್ತೆ" ಎಂದರು. ರೇಡಿಯೇಷನ್ನಿಗೆ ಅಲ್ಲಿ ಎಲ್ಲರೂ ಕರೆಂಟ್ ಎನ್ನುತ್ತಾರೆ. ಗಂಡ ಕೇಳಿಸಿಕೊಂಡಿದ್ದರು. ವಾಪಸ್ ಬರುವಾಗ ಆಟೋದಲ್ಲಿ, ಒಡೆದ ಮಾತಿನಲ್ಲಿ, "ಪೈಪ್ ಬ್ಯಾಡ. ಅದು ಊಟಲ್ಲ. ಗಾಡಿಗೆ ಆಯಿಲ್ ಹಾಕಿದಂಗ" ಎಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ನಾನು ಮುಖ ಹೊರಗೆ ಹಾಕಿ ಫ್ಲೈಓವರಿನ ಕಂಬಗಳನ್ನು ನೋಡುತ್ತ ಕೂತೆ.

ಅವರಿಗೆ ತಿನ್ನಿಸುವುದೇ ನನ್ನ ಕೆಲಸವಾಯಿತು. ಕಂಪನಿಗೆ ರಜೆ ಹಾಕಿದೆ. ಅಕ್ಕಿ ಗಂಜಿ, ಬೇಳೆಕಟ್ಟು, ಅಂಬಲಿ, ಕಿವುಚಿದ ಬಾಳೆಹಣ್ಣು, ಡಬ್ಬಿಯ ಪೌಡರು ಕಲಸಿದ ಹಾಲು, ಎಲ್ಲ ಆಯಿತು. ಬೇರೆ ದಾರಿ ಕಾಣದೆ ರೊಟ್ಟಿಯನ್ನೇ ಮಿಕ್ಸಿಗೆ ಹಾಕಿ ಹಾಲಿನಲ್ಲಿ ಕದಡಿದೆ. ಅದನ್ನು ನೋಡಿದ್ದೇ ಅವರ ಕಣ್ಣಲ್ಲಿ ನೀರು ಬಂತು, ಎರಡು ಚಮಚಕ್ಕೆ ಗೋಡೆ ಕಡೆ ತಿರುಗಿದರು. ಕುಡಿದದ್ದರಲ್ಲಿ ಅರ್ಧ ತುಟಿಯ ಓರೆಯಿಂದ ಇಳಿದುಹೋಗುತ್ತಿತ್ತು. ಒರೆಸಲು ಹೋದರೆ ಕೈ ತಳ್ಳುತ್ತಿದ್ದರು. ಅವರೆದುರು ಕೂತು ರೊಟ್ಟಿ ತಿನ್ನುವುದು ಪಾಪವೆನಿಸಿ ನಾನು ಬಡಿಯುವುದನ್ನೇ ನಿಲ್ಲಿಸಿದೆ. ಜೋಳದ ಹಿಟ್ಟಿನ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿ, ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು, ನಿಂತೇ ಒಂದು ಬನ್ನು ತಿಂದು ಬರುತ್ತಿದ್ದೆ. ಮನೆಯಲ್ಲೆಲ್ಲ ಪೌಡರಿನ ವೆನಿಲಾ ವಾಸನೆ. ಅವರ ಪ್ಯಾಂಟು ಸೊಂಟದ ಮೇಲೆ ನಿಲ್ಲದಾಯಿತು. ದೇವರ ಮುಂದೆ ಕೈ ಮುಗಿದರೆ ನನ್ನ ಬಾಯಿಗೆ ಬೇಡಿಕೆ ಬರುತ್ತಿರಲಿಲ್ಲ, ಬೈಗುಳ ಬರುತ್ತಿತ್ತು.

ಒಂದು ಮಧ್ಯಾಹ್ನ ಓನರಮ್ಮ ಮೇಲೆ ಬಂದರು. "ಯಾಕಮ್ಮಿ, ಸದ್ದೇ ಇಲ್ಲ? ಬೆಳಿಗ್ಗೆ ಎಚ್ಚರಾನೇ ಆಗಾಕಿಲ್ಲ ನಂಗೆ" ಎಂದು ನಗುತ್ತ ಬಂದವರು ಮಂಚದ ಮೇಲಿದ್ದವರನ್ನು ನೋಡಿ ನಿಂತುಬಿಟ್ಟರು. ಆಪರೇಷನ್ ಆದದ್ದು ಅವರಿಗೆ ಗೊತ್ತಿತ್ತು, ಹೀಗಾಗಿದ್ದಾರೆಂದು ಗೊತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಗಂಜಿ ಲೋಟಕ್ಕೆ ಬಗ್ಗಿ ನೋಡಿ, "ಇದ್ನ ಕರಾನೂ ಕುಡಿಯಾಕಿಲ್ಲ. ಅಗಿಯಾಕಾಗ್ದಿದ್ರೆ ಬುಡು, ಇಟ್ಟು ಇರೋದ್ಯಾಕೆ? ಇಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ ಅಂತಾರೆ" ಎಂದರು. ಇಟ್ಟು ಎಂದರೆ ಅವರ ಬಾಯಲ್ಲಿ ರಾಗಿ ಮುದ್ದೆ. ಆಸ್ಪತ್ರೆಯ ನರ್ಸಿಗೆ ಫೋನು ಮಾಡಿ ಕೇಳಿದೆ. "ನುಂಗೋಕಾಗುತ್ತೆ ಅಂದ್ರೆ ಕೊಡಿ ಅಕ್ಕ. ನೆಟ್ಟಗೆ ಕೂರ್ಸಿ, ಚಿಕ್ಕ ಚಿಕ್ಕದು ಕೊಡಿ" ಎಂದಳು.

ಮಾರನೇ ದಿನ ಓನರಮ್ಮನೇ ಮೆತ್ತಗೆ ತಿರುವಿದ ಮುದ್ದೆ, ಸೊಪ್ಪಿನ ಬಸ್ಸಾರು ಹೊತ್ತು ತಂದರು. ನನ್ನ ಗಂಡನಿಗೆ ಗೇಲಿ ಮಾಡುವ ಶಕ್ತಿಯೂ ಉಳಿದಿರಲಿಲ್ಲ. ಗೋಲಿಗಿಂತ ಚಿಕ್ಕ ಚೂರೊಂದನ್ನು ಸಾರಿನಲ್ಲಿ ಹೊರಳಿಸಿ ಅವರ ಬಾಯಿಗಿಟ್ಟಾಯಿತು. ತಪ್ಪಾದದ್ದು ಅಲ್ಲೇ. ಹುಟ್ಟಿದಾಗಿನಿಂದ ರೊಟ್ಟಿ ತಿಂದ ಬಾಯಿ ಅದು. ಏನು ಬಿದ್ದರೂ ಅದಕ್ಕೆ ಗೊತ್ತಿದ್ದದ್ದು ಅಗಿಯುವುದೊಂದೇ. ಒಂದು ಕಡೆ ಉಳಿದ ಹಲ್ಲುಗಳಲ್ಲಿ ಅಗಿದರು. ಮುದ್ದೆ ಹಲ್ಲಿಗೂ ಹೊಲಿದ ಕೆನ್ನೆಗೂ ಅಂಟಿಕೊಂಡಿತು. ನಾಲಿಗೆಯಿಂದ ಬಿಡಿಸಲು ಹೋದಷ್ಟೂ ಮೆತ್ತಿಕೊಂಡು, ಕಣ್ಣು ದೊಡ್ಡದಾಗಿ, ಕೈಗಳು ಹಾಸಿಗೆಯನ್ನು ಬಡಿಯತೊಡಗಿದವು. ನಾನು ಕಿರುಚಿದೆ. ಓನರಮ್ಮ ಅವರ ತಲೆಯನ್ನು ಮುಂದಕ್ಕೆ ಬಗ್ಗಿಸಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯ ತುದಿಯಿಂದ ಅಂಟಿದ್ದನ್ನೆಲ್ಲ ತೆಗೆದರು. "ಅಗೀಬಾರ್ದು ಕಣಪ್ಪಾ. ಇಟ್ಟನ್ನ ಯಾರಾದ್ರೂ ಅಗೀತಾರಾ? ನಾಲ್ಗೆ ಮ್ಯಾಲೆ ಮಡಿಕ್ಕೊ, ನುಂಗು. ಹಲ್ಲಿಗೆ ತೋರಿಸ್ಲೇಬಾರ್ದು" ಎಂದರು.

ಎರಡನೇ ಚೂರು ಹಾಗೇ ಇಳಿಯಿತು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾನು ನೋಡಿದೆ. ಓನರಮ್ಮನ ಕಾಲಿಗೆ ಬೀಳುವುದೊಂದು ಬಾಕಿ. ಆದರೆ ಮೂರನೆಯದಕ್ಕೆ ಗಂಡ ತಲೆ ಅಲ್ಲಾಡಿಸಿದರು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ನುಂಗಲಾರದಾಗ ದೇವರನ್ನು ಬೈಯಬಹುದಿತ್ತು. ನುಂಗಲು ಬರುತ್ತದೆ ಎಂದು ಗೊತ್ತಾದ ಮೇಲೂ ನುಂಗದವರನ್ನು ಏನು ಮಾಡುವುದು? ಆಸ್ಪತ್ರೆಯ ದಿನ ಹತ್ತಿರ ಬರುತ್ತಿತ್ತು. ಅವರ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು.

ಒಂದು ಸಂಜೆ ನನ್ನ ತಾಳ್ಮೆ ಮುಗಿಯಿತು. ಮುದ್ದೆಯ ತಟ್ಟೆಯನ್ನು ನೆಲಕ್ಕೆ ಕುಕ್ಕಿ, "ಸಾಯಬೇಕಂತ ಮಾಡೀರೇನು? ಹಂಗಿದ್ರ ಹೇಳಿಬಿಡ್ರಿ, ನಾನೂ ಉಣ್ಣೂದ ಬಿಡ್ತೀನಿ" ಎಂದು ಕೂಗಿದೆ.

ಅವರು ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. "ನೀ ಎಲ್ಲಿ ಉಣ್ಣಾಕತ್ತಿ?" ಎಂದರು. ಆಮೇಲೆ ಒಂದೊಂದೇ ಮಾತನ್ನು ಎಳೆದು ತಂದರು. "ಬಚ್ಚಲದಾಗ ನಿಂತು ಬನ್ನ ತಿಂತಿ. ಹಂಚ ಇಟ್ಟ ಎಷ್ಟ ದಿನಾ ಆತು? ನಾ ಇನ್ನೂ ಸತ್ತಿಲ್ಲ."

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ, ರೊಟ್ಟಿ ಬಡಿಯುವುದಿಲ್ಲ. ಅಕ್ಕಪಕ್ಕದವರು ತಂದುಕೊಟ್ಟದ್ದನ್ನು ಉಣ್ಣಬೇಕು. ಅವರ ಮೇಲಿನ ಮರುಕದಿಂದ ಮಾಡುತ್ತಿದ್ದೇನೆ ಅಂದುಕೊಂಡು ನಾನು ಅವರ ಕಣ್ಣೆದುರಿಗೇ ಅವರ ಸೂತಕ ಆಚರಿಸುತ್ತಿದ್ದೆ. ಕೆಳಗಿನ ಮನೆಯಿಂದ ಊಟ ಬೇರೆ ಬರುತ್ತಿತ್ತು.

"ರೊಟ್ಟಿ ಮಾಡು" ಎಂದರು. "ನಿನಗ. ನನ್ನ ಮುಂದ ಕುಂತು ಉಣ್ಣು."

ಮಂಚದ ಕೆಳಗಿನ ಡಬ್ಬಿ ಎಳೆದೆ. ಹುಳಿ ಸೊಪ್ಪಿನ ಪುಂಡಿಪಲ್ಯ ಮಾಡಿದೆ, ರೊಟ್ಟಿ ಬಡಿದೆ. ಕಣ್ಣೀರು ಹಿಟ್ಟಿಗೆ ಬೀಳದಂತೆ ತೋಳಿನಲ್ಲಿ ಒರೆಸಿಕೊಳ್ಳುತ್ತ ಬಡಿದೆ. ಅವರು ಗೋಡೆಗೊರಗಿ ಕೂತು ನೋಡುತ್ತಿದ್ದರು. ನಾನು ಮೊದಲ ತುತ್ತು ಬಾಯಿಗಿಟ್ಟ ಕೂಡಲೇ, "ಹೆಂಗೈತಿ?" ಎಂದು ಕೇಳಿದರು.

"ಭಾರಿ ಆಗೇತ್ರಿ" ಎಂದೆ.

"ಹುಳಿ?"

"ಹುಳಿ ಸರಿ ಐತಿ. ಖಾರ ಸ್ವಲ್ಪ ಮುಂದ ಐತಿ. ರೊಟ್ಟಿ ಅಂಚು ಗರಿಗರಿ ಆಗೇತಿ."

ಅವರು ಮುದ್ದೆಯ ಚೂರೊಂದನ್ನು ತಾವೇ ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟುಕೊಂಡು ನುಂಗಿದರು. ಮತ್ತೆ ನನ್ನ ಬಾಯಿ ನೋಡಿದರು. ಹೀಗೆ ನಾನು ತಿಂದು ಹೇಳುವುದು, ಅವರು ಕೇಳಿ ನುಂಗುವುದು. ನಿಜ ಹೇಳಬೇಕೆಂದರೆ ನನ್ನ ಬಾಯಿಗೆ ಏನೂ ತಿಳಿಯುತ್ತಿರಲಿಲ್ಲ. ಅವರು ಮಲಗಿದಾಗಿನಿಂದ ನನಗೆ ಎಲ್ಲವೂ ಮಣ್ಣು. ಆದರೆ ನಾನು ಸುಮ್ಮನಾದರೆ ಅವರ ಕೈಯೂ ನಿಲ್ಲುತ್ತಿತ್ತು. ಹಾಗಾಗಿ ಹಳೆಯ ರುಚಿಗಳನ್ನೆಲ್ಲ ನೆನಪಿನಿಂದ ಎತ್ತಿ ಎತ್ತಿ ಹೇಳಿದೆ. ಅವತ್ತು ಅರ್ಧ ಮುದ್ದೆ ಹೋಯಿತು. ಮುಂದಿನ ದಿನಗಳಲ್ಲಿ ಎಣ್ಣೆಗಾಯಿ ಮಾಡಿದೆ, ಕಡಲೆ ಹಿಟ್ಟಿನ ಜುಣಕ ಮಾಡಿದೆ. ನನಗೆ ಹಸಿವಿರಲಿಲ್ಲ, ವಾಕರಿಕೆ ಬರುತ್ತಿತ್ತು, ಆದರೂ ತಿಂದೆ. ದುಃಖವಿದ್ದಾಗ ಊಟ ಬಿಡುವುದು ಸುಲಭ. ಹೊಟ್ಟೆ ತುಂಬ ಉಣ್ಣುವ ಶಿಕ್ಷೆ ಹೇಗಿರುತ್ತದೆಂದು ಆಗ ಗೊತ್ತಾಯಿತು.

ಆಸ್ಪತ್ರೆಯಲ್ಲಿ ತೂಕ ನೋಡಿದರು. ನಾನು ಹೆದರಿದ್ದಷ್ಟು ಇಳಿದಿರಲಿಲ್ಲ. ಡಾಕ್ಟರು ಪೈಪಿನ ಮಾತೆತ್ತಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ, "ಕರೆಂಟ್ ಶುರುವಾದ್ಮೇಲೆ ಬಾಯಿ ರುಚಿ ಹೋಗುತ್ತೆ, ಹೇಳಿರ್ತೀನಿ. ತಿಂಗಳುಗಟ್ಟಲೆ ಆಗ್ಬಹುದು. ಕೆಲವ್ರಿಗೆ ಪೂರ್ತಿ ವಾಪಸ್ ಬರಲ್ಲ" ಎಂದರು. ಬಾಯಿ ಹೋಯಿತು, ಅಗಿಯುವುದು ಹೋಯಿತು, ಉಳಿದದ್ದು ಅದೊಂದಿತ್ತು.

ಮೆಟ್ರೋದಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ. ಎದುರಿನವರು ನೋಡಿದರೆ ನೋಡಲಿ ಎನಿಸಿತು. ಗಂಡ ನನ್ನ ಕಡೆ ವಾಲಿ, ನನಗೊಬ್ಬಳಿಗೇ ತಿಳಿಯುವ ಆ ಮಾತಿನಲ್ಲಿ, "ಮೊದಲನೇ ದಿನಾ ಪುಂಡಿಪಲ್ಯಾಕ್ಕ ನೀ ಉಪ್ಪ ಹಾಕಿದ್ದಿಲ್ಲ" ಎಂದರು.

ನಾನು ತಲೆಯೆತ್ತಿದೆ.

"ನಾ ನೋಡಾಕತ್ತಿದ್ದೆ. ಹಾಕಲೇ ಇಲ್ಲ. ಭಾರಿ ಆಗೇತಿ ಅಂದಿ."

"ಬಾಯಿಗೆ ಏನೂ ಹತ್ತವಲ್ದರೀ ನನಗ" ಎಂದೆ.

"ಗೊತ್ತೈತಿ" ಎಂದರು. ಎರಡು ಸ್ಟೇಷನ್ ಕಳೆದ ಮೇಲೆ ಮತ್ತೆ ಹೇಳಿದರು: "ನಂದಂತೂ ಹೋಗತೈತಿ. ಮನ್ಯಾಗ ಒಂದರ ನಾಲಿಗಿ ಇರಬೇಕಲ್ಲ."

ಆ ಸಂಜೆ ಬದನೆಕಾಯಿ ಪಲ್ಯ ಮಾಡಿ, ರೊಟ್ಟಿ ಬಡಿದು ಅವರೆದುರು ಕೂತೆ. ಮುದ್ದೆಯ ಚೂರು ಕೈಯಲ್ಲಿ ಹಿಡಿದು ಅವರು ಕಾಯುತ್ತಿದ್ದರು. ನಾನು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದೆ, ಅವರಿಗೆ ಬೇಕಾದ ನಿಜವಾದ ರುಚಿ ನಾಲಿಗೆಗೆ ಹತ್ತುವವರೆಗೂ ಅಗಿದೆ.

"ಉಪ್ಪ ಹೆಚ್ಚಾಗೇತ್ರಿ" ಎಂದೆ.

ಅವರು ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ನುಂಗಿದರು.